ತಾರಸಿಯ ಕೆಳಗೆ ನಿಂತ ಮೇಸ್ತ್ರಿ

ಚಳಿ ಹಿಂದೆ ಸರಿದು ಗಾಳಿಯ ದಿನಗಳು ಶುರುವಾಗಿದ್ದವು. ಕಾಂಕ್ರೀಟಿಗೆ ಕಡುಚಳಿಯೂ ಆಗದು, ಸುಡುಬಿಸಿಲೂ ಆಗದು. ಎರಡರ ನಡುವೆ ಸಿಗುವ ಈ ಕೆಲವು ವಾರಗಳಲ್ಲೇ ತಾರಸಿ ಹಾಕಿ ಮುಗಿಸಬೇಕು. ಹಾಗಾಗಿ ಆ ಬೀದಿಯಲ್ಲಿ ಎಲ್ಲೆಲ್ಲಿ ಕಟ್ಟಡ ಏಳುತ್ತಿತ್ತೋ ಅಲ್ಲೆಲ್ಲ ಬೆಳಗಿನಿಂದಲೇ ಪಂಪುಗಳ ಗುರುಗುಟ್ಟುವಿಕೆ ಎದ್ದಿತ್ತು. ಬೀದಿಯ ಮೂಲೆಯ ಕಟ್ಟಡಕ್ಕೆ ಇವತ್ತು ಕೊನೆಯ ತಾರಸಿ. ಮೇಲೆ ಕಂಬಿಯ ಜಾಲದ ಮೇಲೆ ಗಂಬೂಟು ಹಾಕಿಕೊಂಡ ಆಳುಗಳು ಕೆಸರುಗದ್ದೆಯಲ್ಲಿ ನಾಟಿ ಮಾಡುವವರ ಹಾಗೆ ಬಗ್ಗಿ, ಪಂಪಿನ ಕೊಳವೆ ಕಕ್ಕುವ ಕಾಂಕ್ರೀಟನ್ನು ಎಳೆದು ಹರಡುತ್ತಿದ್ದರು. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಹಿಡಿದವನಿಗೆ ರೇಡಿಯೋ ಎಂದು ಹೆಸರು. ಯಂತ್ರದ ಸದ್ದನ್ನೂ ಮೀರಿಸಿ ಅವನ ಬಾಯಿ ಓಡುತ್ತಿತ್ತು.

ಮೇಸ್ತ್ರಿ ಮಾತ್ರ ಮೇಲಿರಲಿಲ್ಲ. ಅವನು ಅದೇ ತಾರಸಿಯ ಕೆಳಗೆ, ಹಲಗೆಗಳನ್ನು ಹೊತ್ತು ನಿಂತ ಕಬ್ಬಿಣದ ಜಾಕುಗಳ ನಡುವೆ, ಹಟ್ಟಿಯಲ್ಲಿ ದನಗಳ ಮಧ್ಯೆ ಓಡಾಡುವವನ ಹಾಗೆ ಓಡಾಡುತ್ತಿದ್ದ. ಒಂದು ಜಾಕನ್ನು ತಟ್ಟುವುದು, ಇನ್ನೊಂದರ ತಿರುಪು ಬಿಗಿ ಮಾಡುವುದು, ಹಲಗೆಯ ಸಂದಿನಲ್ಲಿ ಸಿಮೆಂಟಿನ ಹಾಲು ಸೋರಿದರೆ ಚಿಂದಿ ತುರುಕುವುದು. ಊರಿನಲ್ಲಿ ತಾರಸಿ ಹಾಕುವ ದಿನ ಯಾರಾದರೊಬ್ಬ ಹೀಗೆ ಕೆಳಗೆ ನಿಲ್ಲುವುದು ವಾಡಿಕೆ. ಈ ದೇಶದಲ್ಲಿ ಅದು ತಪ್ಪು. ಹಸಿ ಕಾಂಕ್ರೀಟಿನ ಕೆಳಗೆ ಒಂದು ನರಪಿಳ್ಳೆಯೂ ಇರಬಾರದೆಂದು ಇಲ್ಲಿಯ ಕಾನೂನು. ಅದಕ್ಕಿಂತ ದೊಡ್ಡ ಕಾನೂನು ಇನ್ನೊಂದಿತ್ತು. ಹೊರದೇಶದಿಂದ ಬಂದ ಗುತ್ತಿಗೆದಾರನಾದರೆ, ಪರೀಕ್ಷೆ ಬರೆದು ಯಾರ ಹೆಸರಿನಲ್ಲಿ ಪರವಾನಗಿ ಪಡೆದಿದ್ದಾನೋ ಅವನೇ ಕಾಂಕ್ರೀಟ್ ಬೀಳುವಷ್ಟು ಹೊತ್ತೂ ತಾರಸಿಯ ಮೇಲೆ ಹಾಜರಿರಬೇಕು. ಇಲ್ಲಿನವರೇ ಆದರೆ ತಮ್ಮ ಪರವಾಗಿ ಯಾರನ್ನಾದರೂ ನಿಲ್ಲಿಸಬಹುದು. ಹೊರಗಿನವನಿಗೆ ಆ ಸವಲತ್ತಿಲ್ಲ. ಹಿಂದೆ ಯಾರೋ ಹೊರಗಿನವರು ಪರವಾನಗಿ ಒಬ್ಬನದು, ಕೆಲಸ ಇನ್ನೊಬ್ಬನದು ಅಂತ ಮಾಡಿ, ಕಟ್ಟಡ ಕುಸಿದಾಗ ಇಬ್ಬರೂ ಕೈಗೆ ಸಿಗದೆ ಹೋಗಿದ್ದರಂತೆ. ಅವರ ಮುಖ ಕಾಣದವರೆಲ್ಲ ಈಗ ಅದನ್ನು ಅನುಭವಿಸಬೇಕಾಗಿತ್ತು.

ಮೇಸ್ತ್ರಿಗೆ ಈ ಕಾನೂನು ಗೊತ್ತಿಲ್ಲದೆ ಇರಲಿಲ್ಲ. ಬಾವಿ ಕಟ್ಟುವವರ ಮನೆಯಲ್ಲಿ ಹುಟ್ಟಿ, ಗಾರೆ ಕಲಸುತ್ತ ದೊಡ್ಡವನಾದ ಅವನು ಊರಲ್ಲಿದ್ದಾಗಲೇ ಇಡೀ ಒಂದು ಚಳಿಗಾಲ ಆ ಕಾನೂನಿನ ಪುಸ್ತಕವನ್ನು ಭಾಮೈದನ ಕೈಯಲ್ಲಿ ಓದಿಸಿ, ಕೇಳಿ, ಬಾಯಿಪಾಠ ಮಾಡಿ ಪರೀಕ್ಷೆ ಪಾಸು ಮಾಡಿದ್ದ. ಆ ಪರವಾನಗಿಯ ನೆರಳಲ್ಲೇ ಹೆಂಡತಿ, ಹೆಂಡತಿಯ ತಮ್ಮ, ರೇಡಿಯೋ, ಮಿಕ್ಕ ಆಳುಗಳು ಎಲ್ಲರೂ ಈ ದೇಶಕ್ಕೆ ಬಂದಿದ್ದರು. ಅದು ಹೋದರೆ ಎಲ್ಲರೂ ಗಂಟುಮೂಟೆ ಕಟ್ಟಬೇಕು.

ಗೊತ್ತಿದ್ದೂ ಅವನು ಕೆಳಗೆ ನಿಂತಿದ್ದ. ಯಾಕೆಂದರೆ ಅವನಿಗೆ ಮೇಲೆ ಹತ್ತಲು ಆಗುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಬೇರೊಂದು ಕಟ್ಟಡದಲ್ಲಿ ಎತ್ತರದಲ್ಲಿ ಕೆಲಸಕ್ಕೆಂದು ಕಟ್ಟಿದ ಸಾರವೆಯ ಹಲಗೆ ಮಗುಚಿತ್ತು. ಮೇಸ್ತ್ರಿಯ ಕಾಲ ಕೆಳಗೆ ಇದ್ದಕ್ಕಿದ್ದಂತೆ ಏನೂ ಇರಲಿಲ್ಲ. ಭಾಮೈದ ಹೊಟ್ಟೆಯ ಮೇಲೆ ಬಿದ್ದು ಅವನ ಮಣಿಕಟ್ಟು ಹಿಡಿದುಕೊಂಡಿದ್ದ. ಬೇರೆಯವರು ಓಡಿ ಬಂದು ಎಳೆದುಕೊಳ್ಳುವವರೆಗೂ ಬಿಟ್ಟಿರಲಿಲ್ಲ. ಅವತ್ತಿನಿಂದ ಭಾಮೈದನ ಬಲಗೈ ತಲೆಗಿಂತ ಮೇಲಕ್ಕೆ ಏಳುವುದಿಲ್ಲ. ಆಸ್ಪತ್ರೆಗೆ ಹೋದರೆ ಅಪಘಾತದ ಸುದ್ದಿ ಪರವಾನಗಿ ಕಚೇರಿಗೆ ತಿಳಿಯುತ್ತದೆ, ಪರವಾನಗಿಗೆ ಕುತ್ತು ಬರುತ್ತದೆ ಎಂದು ಎಣ್ಣೆ ತಿಕ್ಕಿಕೊಂಡೇ ಸುಧಾರಿಸಿಕೊಂಡಿದ್ದ. ಮೇಸ್ತ್ರಿಯ ಮೈಮೇಲೆ ಒಂದು ಗೀರೂ ಆಗಿರಲಿಲ್ಲ. ಆದರೆ ಅಲ್ಲಿಂದಾಚೆ ಒಳಗಿನ ಮೆಟ್ಟಿಲನ್ನು ಗೋಡೆ ಸವರಿಕೊಂಡು ಹತ್ತಬಲ್ಲನೇ ಹೊರತು, ಬಯಲಿಗೆ ತೆರೆದ ಒಂದು ಅಂಚು ಕಂಡರೆ ಕಾಲು ಅಲ್ಲೇ ನೆಟ್ಟುಹೋಗಿ, ಬಾಯಲ್ಲಿ ಕಬ್ಬಿಣದ ರುಚಿ ಬರುತ್ತಿತ್ತು. ಬಾವಿಯ ತಳದಲ್ಲಿ ನಗುನಗುತ್ತ ಕೂತಿರುತ್ತಿದ್ದವನಿಗೆ ಮೇಲೆನ್ನುವುದೇ ಶತ್ರುವಾಯಿತು.

ಆಳುಗಳಿಗೆಲ್ಲ ಇದು ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ರೇಡಿಯೋ ಒಬ್ಬ ಮಾತ್ರ ತಡೆಯಲಾರದೆ, “ನಮ್ಮ ಮೇಸ್ತ್ರಿ ಕೆಳಗೆ ನಿಂತು ತಾರಸಿನ ತಲೆ ಮೇಲೆ ಹೊತ್ಕೊಂಡಿರ್ತಾರೆ ಕಣ್ರೋ, ಅದಕ್ಕೇ ಬೀಳಲ್ಲ” ಎಂದು ನಗಿಸುತ್ತಿದ್ದ. ಹಿಂದಿನ ತಾರಸಿಗಳಿಗೆ ಕಚೇರಿಯವರು ಯಾರೂ ಬಂದಿರಲಿಲ್ಲ. ಇದೂ ಹಾಗೇ ಮುಗಿದುಹೋದರೆ ಸಾಕು ಎಂದು ಎಲ್ಲರೂ ಜೀವ ಬಿಗಿ ಹಿಡಿದುಕೊಂಡಿದ್ದರು.

ಬೆಳಿಗ್ಗೆ ಪಂಪು ಶುರುವಾಗುವ ಮೊದಲು ಭಾಮೈದ ಬಂದು ಎಡಗೈ ಚಾಚಿದ್ದ.

“ಭಾವ, ಲೈಸೆನ್ಸ್ ಕಾರ್ಡ್ ಕೊಡಿ ಇಲ್ಲಿ.”

“ಯಾಕೋ?”

“ಯಾಕೆ ಅಂದ್ರೆ? ಯಾರಾದ್ರೂ ಬಂದ್ರೆ ಮೇಲೊಬ್ಬ ಮೇಸ್ತ್ರಿ ಬೇಡ್ವಾ?”

“ಅದರಲ್ಲಿ ಫೋಟೋ ನಂದಿದೆಯಲ್ಲೋ.”

“ಫೋಟೋದಲ್ಲಿ ಇರೋದು ಒಂದು ಮೀಸೆ, ಒಂದು ಹೆಲ್ಮೆಟ್ಟು. ಎರಡೂ ನನ್ನ ಹತ್ರ ಇದೆ. ಈ ದೇಶದವರ ಕಣ್ಣಿಗೆ ನಾವೆಲ್ಲ ಒಂದೇ ಅಚ್ಚಲ್ಲಿ ಹೊಡೆದ ಇಟ್ಟಿಗೆ, ಬಿಡಿ.”

ಮೇಸ್ತ್ರಿ ಜಾಕಿನ ತಿರುಪಿಗೆ ಕೈ ಹಾಕಿದ. ಭಾಮೈದನೇ ಅವನ ಕೊರಳಿನಿಂದ ಕಾರ್ಡಿನ ದಾರ ತೆಗೆದು ತನ್ನ ಕೊರಳಿಗೆ ಹಾಕಿಕೊಂಡು, ಸಿಳ್ಳೆ ಹೊಡೆಯುತ್ತ, ತಾರಸಿಗೆ ಇದ್ದ ಒಂದೇ ದಾರಿಯಾದ ಹೊರಗಿನ ಏಣಿ ಹತ್ತಿದ. ದಾರ ಹೋದ ಕತ್ತು ಮೇಸ್ತ್ರಿಗೆ ಬೆಳಗೆಲ್ಲ ತಣ್ಣಗೆ ಅನ್ನಿಸುತ್ತಿತ್ತು.

ಅರ್ಧ ತಾರಸಿ ಮುಗಿದಿರಬಹುದು. ಒಳಗಿನ ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಹೆಂಡತಿ. ಶೆಡ್ಡಿನಲ್ಲಿ ಎಲ್ಲರಿಗೂ ಚಹಾ ಕಾಯಿಸುತ್ತಿದ್ದವಳು ಸೌಟು ಕೈಯಲ್ಲೇ ಹಿಡಿದುಕೊಂಡು ಓಡಿ ಬಂದಿದ್ದಳು.

“ರೀ, ಕಚೇರಿ ಕಾರು. ಗೇಟಿನ ಹತ್ರ ನಿಂತಿದೆ. ಒಂದು ಹೆಂಗಸು ಇಳೀತಿದಾಳೆ.”

ಮೇಸ್ತ್ರಿಯ ಕೈಯಲ್ಲಿದ್ದ ಸ್ಪ್ಯಾನರ್ ಜಾಕಿಗೆ ತಾಗಿ ಟಣ್ ಎಂದಿತು.

“ಕಚೇರಿಯವರೇ ಅಂತ ಹೇಗೆ ಗೊತ್ತು?”

“ಕಾರಿನ ಬಾಗಿಲ ಮೇಲೆ ಮುದ್ರೆ ಇದೆ. ಹೋದ ವರ್ಷ ಪಕ್ಕದ ಬೀದಿಯವರ ಲೈಸೆನ್ಸ್ ಕಿತ್ಕೊಂಡು ಹೋದ್ರಲ್ಲ, ಅದೇ ಮುದ್ರೆ.” ಅವಳು ಉಸಿರು ಎಳೆದುಕೊಂಡಳು. “ಮೇಲೆ ಹೋಗಿ ನೀವು.”

“ಅವನಿದಾನಲ್ಲ ಮೇಲೆ.”

“ಅವನಿದ್ದರೆ ಏನಾಯ್ತು?”

“ಕಾರ್ಡು ಅವನ ಹತ್ರ ಇದೆ ಕಣೇ.”

ಹೆಂಡತಿ ಗಂಡನ ಬರಿಗೊರಳನ್ನು ನೋಡಿದಳು.

“ಅಯ್ಯೋ ನಿಮ್ಮ. ಲೈಸೆನ್ಸ್ ಹೋದ್ರೆ ಊರಿಗೆ ಹೋಗ್ತೀವಿ, ಅಷ್ಟೇ ತಾನೆ? ಇನ್ನೊಬ್ಬನ ಹೆಸರು ಹೇಳ್ಕೊಂಡು ಸಿಕ್ಕಿಹಾಕ್ಕೊಂಡ್ರೆ ನನ್ನ ತಮ್ಮ ಊರಿಗೂ ಹೋಗಲ್ಲ. ಒಳಗೆ ಹಾಕ್ತಾರೆ ಅವನ್ನ. ಅದೂ ಆ ಪುಸ್ತಕದಲ್ಲೇ ಇತ್ತಲ್ಲ, ನೀವಿಬ್ಬರೂ ಗಟ್ಟಿಯಾಗಿ ಓದ್ತಿದ್ದಾಗ ರೊಟ್ಟಿ ಬೇಯಿಸ್ತಾ ನಾನೂ ಕೇಳಿದೀನಿ.”

ಮೇಸ್ತ್ರಿಗೂ ಆ ಪುಟ ನೆನಪಿತ್ತು. ಬೇಕೆಂದೇ ಬೆಳಗಿನಿಂದ ಅದನ್ನು ಮರೆತಿದ್ದ. ಹೊರಗೆ ಸಾರವೆಯ ಏಣಿ ಕಿರುಗುಟ್ಟಿತು. ಯಾರೋ ಅವಸರವಿಲ್ಲದೆ ಹತ್ತುತ್ತಿದ್ದರು. ಕಿಟಕಿಗೆ ಬಿಟ್ಟಿದ್ದ ಕಂಡಿಯಲ್ಲಿ ಒಂದು ಜೊತೆ ಕಂದು ಬೂಟು ಕಾಣಿಸಿ, ಮೇಲಕ್ಕೆ ಸರಿದು ಮಾಯವಾಯಿತು.

ತಲೆಯ ಮೇಲೆ ವೈಬ್ರೇಟರ್ ನಿಂತಿತು. ರೇಡಿಯೋನ ಬಾಯೂ ನಿಂತಿತು. ಅವನ ಬಾಯಿ ನಿಂತದ್ದನ್ನು ಮೇಸ್ತ್ರಿ ಕೇಳಿದ್ದು ಅದೇ ಮೊದಲು.

ಹಲಗೆಗಳ ಮೇಲಿಂದ, ಕಂಬಿಯ ಸಂದಿನಿಂದ, ಆ ದೇಶದ ಮಾತು ಇಳಿದು ಬಂತು. ಹೊರಗಿನವರಿಗೆ ಅರ್ಥವಾಗಲೆಂದು ಹೆಂಗಸು ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದಳು.

“ಪರವಾನಗಿದಾರರು ಯಾರು?”

ಗಾಳಿ ಟಾರ್ಪಾಲನ್ನು ಪಟಪಟ ಬಡಿಯಿತು.

“ನಾನೇ” ಎಂದ ಭಾಮೈದ.

ಹೆಂಡತಿ ಸೌಟು ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಮೇಸ್ತ್ರಿ ಜಾಕಿಗೆ ಒರಗಿದ. ಕಾಂಕ್ರೀಟಿನ ನೀರು ಅವನ ಹೆಗಲ ಮೇಲೆ ತೊಟ್ಟಿಕ್ಕಿ ಬೆನ್ನಿಗಿಳಿಯಿತು. ಒರೆಸಿಕೊಳ್ಳಲಿಲ್ಲ.

“ಒಳ್ಳೆಯದು. ಬೆರಳು ಕೊಡಿ.”

“ಏನು?”

“ಈ ಯಂತ್ರದ ಮೇಲೆ. ಕಾರ್ಡಿನ ಜೊತೆ ಹೊಂದಿಸಿ ನೋಡುತ್ತೇವೆ. ಹೊಸ ನಿಯಮ.”

“ಕೈ ತುಂಬ ಸಿಮೆಂಟ್ ಇದೆ. ತೊಳ್ಕೊಂಡು ಬರ್ತೀನಿ.”

“ಬೇಡ. ಬಟ್ಟೆ ಇದೆ ನನ್ನ ಹತ್ತಿರ.”

ಯಂತ್ರ ಕೀಚ್ ಎಂದಿತು. ಮತ್ತೆ ಕೀಚ್ ಎಂದಿತು.

“ಕಟ್ಟಡದವರ ಬೆರಳು ಹೀಗೇ” ಎಂದಳು ಹೆಂಗಸು. “ಗೆರೆಯೆಲ್ಲ ಸವೆದಿರುತ್ತದೆ. ಇನ್ನೊಂದು ಬೆರಳು. ಅದೂ ಆಗದಿದ್ದರೆ ನಾಳೆ ಕಚೇರಿಗೆ ಬರಬೇಕು. ಅಲ್ಲಿ ದೊಡ್ಡ ಯಂತ್ರವಿದೆ.”

ಕಚೇರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮೇಸ್ತ್ರಿಗೆ ಮುಂದಿನದು ಏನೂ ಬೇಡವಾಯಿತು. ಉದ್ದನೆಯ ಓಣಿ, ಕೊನೆಯಲ್ಲೊಂದು ಕಬ್ಬಿಣದ ಬಾಗಿಲು, ಅದರಾಚೆ ಎಡಗೈಯಲ್ಲಿ ಬಲಭುಜ ಒತ್ತಿಕೊಂಡು ಕೂತ ಭಾಮೈದ, ಎಲ್ಲ ಕಣ್ಣಿಗೆ ಕಟ್ಟಿತು. ಹೆಂಡತಿ ಏನೋ ಹೇಳುತ್ತಿದ್ದಳು. ಅವಳನ್ನು ದಾಟಿ, ಬಾಗಿಲಿಗೆಂದು ಬಿಟ್ಟ ಕಂಡಿಯ ತನಕ ಹೋದ.

ಕಂಡಿಯಾಚೆ ಸಾರವೆಯ ಹಲಗೆ. ಹಲಗೆಯಾಚೆ ಬಯಲು. ಕೆಳಗೆ ಪಂಪಿನ ಲಾರಿ ಮಕ್ಕಳ ಆಟಿಕೆಯಷ್ಟಿತ್ತು.

ಒಂದು ಕಾಲು ಇಟ್ಟ. ಹಲಗೆ ಬಳುಕಿತು. ಬಳುಕುವುದು ಹಲಗೆಯ ಗುಣ, ಬಳುಕದೆ ಇದ್ದರೆ ಅದು ಮುರಿಯುತ್ತದೆ ಎಂದು ಎಷ್ಟೋ ಹುಡುಗರಿಗೆ ಅವನೇ ಹೇಳಿಕೊಟ್ಟಿದ್ದ. ಈಗ ಆ ಮಾತು ಕೆಲಸಕ್ಕೆ ಬರಲಿಲ್ಲ. ಅವನು ಮಂಡಿಯೂರಿದ. ಅಂಬೆಗಾಲಿಡುತ್ತ ಏಣಿಯ ಬುಡ ಮುಟ್ಟಿದ. ಕಣ್ಣು ಮುಚ್ಚಿದರೆ ಬೀಳುತ್ತಿರುವ ಹಾಗೆ, ತೆರೆದರೆ ಕೆಳಗಿನ ಬೀದಿ ಮೇಲೆದ್ದು ಬರುತ್ತಿರುವ ಹಾಗೆ. ಕೊನೆಗೆ ಏಣಿಯ ಅಡ್ಡಪಟ್ಟಿಯ ಒಂದು ತುಕ್ಕಿನ ಕಲೆಗೆ ಕಣ್ಣು ನೆಟ್ಟ. ಅದು ಹೊಟ್ಟೆಯ ಮಟ್ಟಕ್ಕೆ ಬಂದಾಗ ಮೇಲಿನ ಪಟ್ಟಿಯಲ್ಲಿ ಇನ್ನೊಂದು ಕಲೆ ಹುಡುಕಿಕೊಂಡ. ಹಲ್ಲು ಕಟಕಟ ಎನ್ನುತ್ತಿತ್ತು. ಗಾಳಿ ಅಂಗಿಯೊಳಗೆ ನುಗ್ಗಿ ಅವನನ್ನು ಏಣಿಯಿಂದ ಬಿಡಿಸಲು ನೋಡುತ್ತಿತ್ತು. ಹಿಂದಿನಿಂದ ಹೆಂಡತಿಯ ದನಿ ಬಂತು: “ಇದೀನಿ ರೀ, ಇಲ್ಲೇ ಇದೀನಿ.” ಇದ್ದು ಏನು ಮಾಡುತ್ತಾಳೆ ಎಂದು ತಿಳಿಯದಿದ್ದರೂ ಆ ದನಿಯ ಬಲದಲ್ಲೇ ಇನ್ನೆರಡು ಪಟ್ಟಿ ಏರಿದ.

ತಾರಸಿಯ ಅಂಚಿನಲ್ಲಿ ಮೊದಲು ಅವನ ಹೆಲ್ಮೆಟ್ಟು ಕಾಣಿಸಿತು. ಆಳುಗಳೆಲ್ಲ ದೆವ್ವ ಕಂಡವರ ಹಾಗೆ ನೋಡಿದರು. ಭಾಮೈದ ಹೆಬ್ಬೆರಳನ್ನು ಯಂತ್ರದ ಮೇಲಿಟ್ಟುಕೊಂಡೇ ತಲೆಯಾಡಿಸಿದ, ಬೇಡ, ಬೇಡ, ಇಳೀರಿ ಎಂಬಂತೆ.

ಮೇಸ್ತ್ರಿ ಮೂಲೆಯ ಕಂಬಿಗಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಹಸಿ ಕಾಂಕ್ರೀಟಿನ ಪಕ್ಕದಲ್ಲೇ ಕುಕ್ಕರಿಸಿದ.

“ಅಮ್ಮ” ಎಂದ, ಆ ದೇಶದ ಮಾತು ಮರೆತು. ಆಮೇಲೆ ನೆನಪಿಸಿಕೊಂಡು ಹೇಳಿದ: “ಪರವಾನಗಿ ನನ್ನದು.”

ಹೆಂಗಸು ಒಬ್ಬನನ್ನು ನೋಡಿದಳು, ಇನ್ನೊಬ್ಬನನ್ನು ನೋಡಿದಳು. ಕನ್ನಡಕ ಸರಿಮಾಡಿಕೊಂಡು ಕಾಂಕ್ರೀಟಿಲ್ಲದ ಕಡೆ ಹೆಜ್ಜೆ ಹಾಕುತ್ತ ಬಂದು ಯಂತ್ರವನ್ನು ಅವನ ಮುಂದೆ ಹಿಡಿದಳು. ಕಂಬಿ ಬಿಟ್ಟು ಒಂದು ಕೈ ಚಾಚುವುದು ಆಗಲಿಲ್ಲ. ಅವಳೇ ಅವನ ಬೆರಳನ್ನು ಒಂದೊಂದಾಗಿ ಬಿಡಿಸಿ ಹೆಬ್ಬೆರಳನ್ನು ಒತ್ತಿಸಿದಳು. ಯಂತ್ರಕ್ಕೆ ಹಸಿರು ದೀಪ ಬಂತು. ಮಳೆಗಾಲದಿಂದ ಅವನು ಗಾರೆ ಮುಟ್ಟಿರಲಿಲ್ಲ. ಕೆಳಗೆ ನಿಂತುಕೊಂಡು ಕಾಲ ಹಾಕಿದವನ ಬೆರಳಿನ ಗೆರೆಗಳೆಲ್ಲ ಎಳೆಮಗುವಿನದರ ಹಾಗೆ ಮತ್ತೆ ಹುಟ್ಟಿದ್ದವು.

“ಹಾಗಾದರೆ ಇವರು?”

“ಹೆಂಡತಿಯ ತಮ್ಮ. ಕಾರ್ಡು ಅವನ ಕೊರಳಿಗೆ ನಾನೇ ಹಾಕಿಸಿದ್ದು. ಪರವಾನಗಿ ನನ್ನದು ಅಂತ ಹೇಳು ಅಂದವನೂ ನಾನೇ. ಅವನು ಬೇಡ ಅಂದ. ನಾನು ಬಿಡಲಿಲ್ಲ.”

“ಭಾವ!” ಎಂದ ಭಾಮೈದ, ಕನ್ನಡದಲ್ಲಿ. “ಏನು ಸುಳ್ಳು ಬೊಗಳ್ತಿದೀರಿ?”

“ಬಾಯಿ ಮುಚ್ಚೋ.”

“ಅವರೇನು ಹೇಳುತ್ತಿದ್ದಾರೆ?” ಹೆಂಗಸು ಕೇಳಿದಳು.

ರೇಡಿಯೋ ಗಂಟಲು ಸರಿಮಾಡಿಕೊಂಡು, “ಹುಷಾರಾಗಿ ಕೂತ್ಕೊಳ್ಳಿ ಅಂತಿದಾನೆ, ಮೇಡಂ” ಎಂದ.

ಹೆಂಗಸು ಕಂಬಿ ತಬ್ಬಿ ಕೂತ ಮೇಸ್ತ್ರಿಯನ್ನು ಬಹಳ ಹೊತ್ತು ನೋಡಿದಳು. “ನೀವು ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಭಾಮೈದನ ಕೊರಳಿನ ಕಾರ್ಡನ್ನು ತಾನೇ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು. ಪರವಾನಗಿ ಇವತ್ತಿನಿಂದ ನಿಂತಿತು ಎಂದಳು. ಮೇಸ್ತ್ರಿಯನ್ನು ವೈದ್ಯರು ನೋಡಬೇಕು. ಇನ್ನೊಬ್ಬರ ಹೆಸರು ಹೇಳಿದ್ದರ ವಿಷಯ ಬೇರೆ. ಅದನ್ನು ಮೇಲಿನವರ ಮುಂದಿಡಲೇಬೇಕು, ಅವರು ಏನು ಮಾಡುತ್ತಾರೋ ತನಗೆ ಗೊತ್ತಿಲ್ಲ. ಕರೆ ಬಂದಾಗ ಇಬ್ಬರೂ ಬರಬೇಕು, ಅಲ್ಲಿಯವರೆಗೆ ಯಾರೂ ಈ ಪಟ್ಟಣ ಬಿಡುವಂತಿಲ್ಲ.

“ಕಾಂಕ್ರೀಟು?” ಎಂದ ಮೇಸ್ತ್ರಿ. ಅಂಥ ಹೊತ್ತಿನಲ್ಲೂ ಅವನಿಗೆ ಅರ್ಧಕ್ಕೆ ನಿಂತ ತಾರಸಿಯದೇ ಚಿಂತೆ. ಹೀಗೇ ಬಿಟ್ಟರೆ ಹೊಲಿಗೆ ಬಿಟ್ಟ ಬಟ್ಟೆಯ ಹಾಗೆ ಅಲ್ಲೇ ಬಾಯಿ ಬಿಡುತ್ತದೆ.

ಹೆಂಗಸು ಆಕಾಶ ನೋಡಿದಳು, ಕಾಂಕ್ರೀಟ್ ನೋಡಿದಳು. “ನೀವು ಇಲ್ಲೇ ಕೂತಿರಿ. ನಾನೂ ನಿಂತಿರುತ್ತೇನೆ. ಮುಗಿಸಲಿ” ಎಂದಳು.

ಪಂಪು ಮತ್ತೆ ಗುರುಗುಟ್ಟಿತು. ಮಧ್ಯಾಹ್ನವೆಲ್ಲ ಮೇಸ್ತ್ರಿ ಆ ಮೂಲೆಯಲ್ಲಿ ಕಂಬಿ ತಬ್ಬಿ ಕೂತಿದ್ದ. ಗಾಳಿ ಬೀಸಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ. ಯಾರೂ ಅವನ ಕಡೆ ನೋಡಲಿಲ್ಲ. ಹೆಂಗಸು ಕೋಟಿನ ಕಾಲರ್ ಎತ್ತಿಕೊಂಡು ನಿಂತೇ ಇದ್ದಳು. ಹೆಂಡತಿ ಏಣಿಯಲ್ಲಿ ಚಹಾ ಕಳಿಸಿದಾಗ ಒಂದು ಲೋಟ ತೆಗೆದುಕೊಂಡು ಕುಡಿದಳು. ಕೊಳವೆಯಿಂದ ಕೊನೆಯ ಕಾಂಕ್ರೀಟು ಬಿದ್ದು, ಮಟ್ಟಗೋಲು ಎಳೆದು ಮುಗಿದ ಮೇಲೆ, ಲೋಟವನ್ನು ಇಟ್ಟಿಗೆಯ ಮೇಲಿಟ್ಟು ಇಳಿದು ಹೋದಳು. ಕಾರು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೂ ಆಳುಗಳು ಪಿಸುದನಿಯಲ್ಲೇ ಮಾತಾಡಿಕೊಂಡರು. ಒಬ್ಬೊಬ್ಬರಾಗಿ ಇಳಿದರು.

ಸಂಜೆ ಮಬ್ಬಾಗುತ್ತಿತ್ತು. ಮೇಸ್ತ್ರಿ ಇಳಿದಿರಲಿಲ್ಲ. ಏಣಿಯ ತುದಿಗೆ ಕಾಲು ಚಾಚುವುದು, ಮತ್ತೆ ಒಳಗೆಳೆದುಕೊಳ್ಳುವುದು, ಇದೇ ಆಗಿತ್ತು. ಹತ್ತುವಾಗ ಭಾಮೈದನಿಗೇನಾಗುತ್ತದೋ ಎಂಬ ಭಯ ಬೆನ್ನಿಗೆ ಬಿದ್ದಿತ್ತು. ಇಳಿಯುವುದಕ್ಕೆ ಅದೂ ಇರಲಿಲ್ಲ.

ಭಾಮೈದ ಮೇಲೆ ಬಂದ. ಪಕ್ಕದಲ್ಲಿ ಕೂತು ಬೀದಿ ನೋಡಿದ. ಆಮೇಲೆ ಒಮ್ಮೆಲೇ ತಿರುಗಿದ.

“ಯಾರು ಬಾ ಅಂದ್ರು ನಿಮ್ಮನ್ನ? ಆ ಮಿಷನ್ನು ನನ್ನ ಬೆರಳನ್ನ ಜನ್ಮದಲ್ಲಿ ಓದ್ತಿರಲಿಲ್ಲ. ನಾಳೆ ಕಚೇರಿಗೆ ಬಾ ಅಂದಳಲ್ಲ, ಕೇಳಿಸಲಿಲ್ವಾ? ಕಚೇರಿ ಇರೋದು ನೆಲದ ಮೇಲೆ ಭಾವ, ನೆಲದ ಮೇಲೆ! ನೀವೇ ಹೋಗಿ ಬೆರಳು ಒತ್ತಿ ಬಂದಿದ್ರೆ ಮುಗಿದು ಹೋಗ್ತಿತ್ತು.”

ಮೇಸ್ತ್ರಿ ಬೆಪ್ಪಾಗಿ ಅವನನ್ನು ನೋಡಿದ. ಅದು ಅವನ ತಲೆಗೆ ಹೊಳೆದೇ ಇರಲಿಲ್ಲ.

“ಅವಳು ನಿನ್ನ ಮುಖ ನೋಡಿದ್ದಳಲ್ಲೋ” ಎಂದ ಕೊನೆಗೆ.

“ಎಲ್ಲ ಒಂದೇ ಅಚ್ಚು ಅಂತ ಹೇಳಿದ್ನಲ್ಲ.”

“ಆ ಹೆಂಗಸಿನ ಕಣ್ಣಿಗೆ ಹಾಗೆ ಕಾಣ್ತೀವಿ ಅಂತ ನನಗೆ ಅನ್ನಿಸಲಿಲ್ಲ.”

ಭಾಮೈದ ಎಡಗೈಯಲ್ಲಿ ಬಲಭುಜ ಒತ್ತಿಕೊಂಡ.

“ಒಳಗೆ ಹಾಕ್ತಾರಾ ಭಾವ?”

“ಹಾಕಿದ್ರೆ ನನ್ನ. ನಾನೇ ಹೇಳಿಸಿದ್ದು ಅಂತ ಒಪ್ಕೊಂಡಿದೀನಲ್ಲ.”

“ಆವತ್ತು ಕೈ ಹಿಡಿದಿದ್ದಕ್ಕೆ ಬದಲು ಕೊಟ್ಟಿರಾ?” ಭಾಮೈದನ ದನಿ ಒಡೆದಿತ್ತು. “ಕೊಟ್ಟು ಕೈ ತೊಳ್ಕೊಂಡ್ರಾ? ನಾನು ಕೇಳಿದ್ನಾ?”

“ಇಲ್ಲ, ನೀನು ಕೇಳಲಿಲ್ಲ.”

“ಮತ್ತೆ?”

ಮೇಸ್ತ್ರಿ ಮತ್ತೊಮ್ಮೆ ಏಣಿಯತ್ತ ಕಾಲು ಚಾಚಿ ಎಳೆದುಕೊಂಡ. ಕೆಳಗಿನಿಂದ ಹೆಂಡತಿ ಕೂಗಿದಳು: “ಇಬ್ಬರೂ ಅಲ್ಲೇ ಸಂಸಾರ ಹೂಡ್ತೀರಾ, ಇಳೀತೀರಾ?” ಅವಳ ದನಿಯಲ್ಲಿ ಅಳು ಇತ್ತು.

ಭಾಮೈದ ಎದ್ದು ಏಣಿಗೆ ಇಳಿದು, ಒಂದೆರಡು ಪಟ್ಟಿ ಕೆಳಗೆ ನಿಂತು ಮೇಲೆ ನೋಡಿದ.

“ಬನ್ನಿ. ಬೀದಿ ನೋಡ್ಬೇಡಿ. ನನ್ನ ಹೆಗಲ ಮೇಲೆ ಕಾಲಿಡಿ.”

“ಯಾವ ಹೆಗಲು?”

“ಎಡಗಡೇದು. ಬಲಗಡೇದನ್ನ ಆಗಲೇ ತಿಂದಾಗಿದೆಯಲ್ಲ.”

ಮೇಸ್ತ್ರಿ ಏಣಿಯ ತುದಿಯನ್ನು ಅಪ್ಪಿಕೊಂಡು ಕಾಲು ಇಳಿಬಿಟ್ಟ. ಬೂಟಿನ ಅಡಿಗೆ ಭಾಮೈದನ ಹೆಗಲು ಸಿಕ್ಕಿತು. ಅವನು ಭಾರವೆಲ್ಲ ಬಿಟ್ಟ. ಕೆಳಗಿದ್ದವನು ನರಳಿದ, ಆದರೆ ಕದಲಲಿಲ್ಲ.

“ಇದನ್ನ ಹೇಗೆ ತೀರಿಸಲೋ?” ಎಂದ ಮೇಸ್ತ್ರಿ, ತುಕ್ಕಿನ ಪಟ್ಟಿಗೆ ಹಣೆ ಒತ್ತಿಕೊಂಡು.

“ಮೊದಲು ಇಳೀರಿ” ಎಂದ ಭಾಮೈದ. “ಇನ್ನೊಂದು ಕಾಲು.”